ಕೊಚ್ಚೆಯ ಹಸಿವು

ಯಾರೋ ಸೀಸೆಗಳನ್ನು ಮುಟ್ಟಿದ್ದಾರೆ. ಪರೀಕ್ಷಕಿಗೆ ಆ ಬಗ್ಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ.

ಯಂತ್ರಗಳ ಜಿಡ್ಡು ತೆಗೆಯುವ ಹೊಸ ದ್ರಾವಕವೊಂದನ್ನು ಕಾರ್ಖಾನೆಯವರು ಕಳಿಸಿದ್ದರು. ನೀರಿಗೆ ಸೇರಿದರೆ ಅದು ತಾನಾಗಿ ಕರಗಿ ಕೊಳೆತುಹೋಗುತ್ತದೆಯೇ, ಇಲ್ಲ ಪೀಡೆಯಂತೆ ಉಳಿದುಬಿಡುತ್ತದೆಯೇ ಎಂದು ಹೇಳುವುದು ಅವಳ ಕೆಲಸ. ಅವಳು ಹೂಂ ಅಂದರೆ ಮಾರಾಟಕ್ಕೆ ಅಪ್ಪಣೆ. ಕೆಲಸ ಸುಲಭದ್ದೇ, ಆದರೆ ಹೇಸಿಗೆಯದು. ಮನೆಗಳ ಹೊಲಸು ಮಾತ್ರ ಬಂದು ಬೀಳುವ ತೊಟ್ಟಿಯಿಂದ ಕೊಚ್ಚೆ ತರಬೇಕು. ನೀರಿನ ಸೀಸೆಗೆ ಅದನ್ನು ಚೂರು ಬೆರೆಸಿ, ದ್ರಾವಕದ ಹನಿ ಬಿಟ್ಟು, ಬಿರಡೆ ಬಿಗಿದು ಕತ್ತಲಲ್ಲಿಡಬೇಕು. ಕೊಚ್ಚೆಯೊಳಗಿನ ಕಣ್ಣಿಗೆ ಕಾಣದ ಜೀವಿಗಳನ್ನು ಅವಳು ಹುಳುಗಳೆಂದೇ ಕರೆಯುತ್ತಿದ್ದಳು. ಹುಳುಗಳು ದ್ರಾವಕವನ್ನು ತಿಂದರೆ ಸೀಸೆಯ ಆಮ್ಲಜನಕ ಇಳಿಯುತ್ತದೆ. ಮೂಸಿ ಬಿಟ್ಟರೆ ಇಳಿಯುವುದಿಲ್ಲ.

ಕಂಡರಿಯದ ಪದಾರ್ಥ ಎದುರಾದರೆ ಹುಳುಗಳು ಮೊದಲು ಹೊಸ ಸೊಸೆಯಂತೆ ಮುದುಡಿ ಕೂರುತ್ತವೆ. ರುಚಿ ಹತ್ತಲು ಕಾಲ ಬೇಕು. ಈ ಸಲ ಮಾತ್ರ ಮಾರನೆಯ ದಿನವೇ ಬರಗೆಟ್ಟವರಂತೆ ಮುಗಿಬಿದ್ದಿದ್ದವು.

ಅನುಮಾನ ಪ್ರಯೋಗಾಲಯದ ಮುಖ್ಯಸ್ಥರ ಮೇಲೆ. ಅವರು ಸೀಸೆಗಳ ಕೋಣೆಯಿಂದ ಕೋಟಿನೊಳಗೆ ಏನನ್ನೋ ಅಡಗಿಸಿಕೊಂಡು ಹೊರಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕಾರ್ಖಾನೆಯ ವ್ಯವಸ್ಥಾಪಕ ಬಂದಾಗಲಂತೂ ಇಬ್ಬರದೂ ಒಂದೇ ನಗು. ಆತ ಮೈಯೆಲ್ಲ ಅತ್ತರು ಬಳಿದುಕೊಂಡು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೇಳಿದ್ದ:

"ಇನ್ನೂ ಒಂದು ಹನಿ ಕೂಡ ಗೇಟು ದಾಟಿಲ್ಲ ಮೇಡಂ. ನಿಮ್ಮ ಸಹಿಗೇ ಕಾಯ್ತಾ ಇದ್ದೀವಿ."

"ನಮ್ಮ ಹುಳುಗಳಿಗೆ ನಿಮ್ಮ ಮಾಲು ತುಂಬಾ ಹಿಡಿಸಿದೆ," ಎಂದರು ಮುಖ್ಯಸ್ಥರು. "ಹಳೇ ಪರಿಚಯ ಇದ್ದ ಹಾಗಿದೆ."

ಹಾಗೆನ್ನುವಾಗ ಅವರ ಕಣ್ಣು ಇದ್ದದ್ದು ಅವಳ ಮೇಲೆ. ಅವಳಿಗೆ ಮೈಯೆಲ್ಲ ಉರಿಯಿತು. ತೊಟ್ಟಿಗಿಳಿದು ಹೊಲಸು ಬಾಚುವವಳು ತಾನು, ನಾರುವವರು ಇವರು.

ಸಂಜೆ ಮನೆಯ ಹೊಸ್ತಿಲಲ್ಲೇ ಅತ್ತೆಯ ತಡೆ.

"ಅಲ್ಲೇ ನಿಲ್ಲೇ ತಾಯಿ. ಮೊದ್ಲು ಮಿಂದು ಬಾ, ಆಮೇಲೆ ಏನಿದ್ರೂ ಮುಟ್ಟು. ಮನೇಲಿ ತುಂಬಿದ ಬಸುರಿ ಇದ್ದಾಳೆ."

ತುಂಬಿದ ಬಸುರಿ ಎಂದರೆ ನಾದಿನಿ. ಅವಳು ನಗುತ್ತ, ಮೂಗು ಹಿಡಿದುಕೊಂಡೇ, ಅತ್ತಿಗೆಗೆ ಕುಡಿಯಲು ನೀರು ಚಾಚಿದಳು. ಪರೀಕ್ಷಕಿ ಗಟಗಟ ಕುಡಿದು ಬಚ್ಚಲಿಗೆ ಹೋದಳು. ಎಷ್ಟು ತಂಬಿಗೆ ಸುರಿದುಕೊಂಡರೂ ಮೈಯ ನಾತ ಹೋದಂತೆನಿಸಲಿಲ್ಲ.

ಆಮೇಲೆ ಅವಳು ಯಾರಿಗೂ ಹೇಳದೆ, ಉಳಿದಿದ್ದ ಕೊಚ್ಚೆಯಿಂದಲೇ ಪರೀಕ್ಷೆಯನ್ನು ಹೊಸದಾಗಿ ಹೂಡಿದಳು. ಕೋಣೆಗೆ ತನ್ನದೇ ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಹುಳುಗಳು ಮತ್ತೆ ಹಾಗೇ ಮುಗಿಬಿದ್ದವು.

ಹಾಗಾದರೆ ಮೋಸ ನಡೆದಿರುವುದು ಸೀಸೆಯಲ್ಲಲ್ಲ, ಕೊಚ್ಚೆಯಲ್ಲೇ. ಅವಳು ಬಸ್ಸು ಹತ್ತಿ ದೂರದ ಊರಿಗೆ ಹೋಗಿ, ಅಲ್ಲಿನ ತೊಟ್ಟಿಯಿಂದ ಕ್ಯಾನು ತುಂಬಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಅವಳ ಪಕ್ಕದ ಸೀಟು ಖಾಲಿ. ಹಿಂದೆ ಕೂತಿದ್ದ ಅಜ್ಜನೊಬ್ಬ, "ಏನಮ್ಮಾ, ಊರನ್ನೇ ಹೊತ್ತುಕೊಂಡು ಹೊರಟಿದ್ದೀಯಾ?" ಎಂದ.

ಆ ಕೊಚ್ಚೆಯ ಹುಳುಗಳು ದ್ರಾವಕವನ್ನು ಮೂಸಿಯೂ ನೋಡಲಿಲ್ಲ. ದಿನಗಳು ಉರುಳಿದರೂ ಸೀಸೆಯಲ್ಲಿ ಹಾಕಿದ್ದು ಹಾಕಿದಂತೆಯೇ ಇತ್ತು.

ಅವಳು ನೇರವಾಗಿ ಮುಖ್ಯಸ್ಥರ ಕೋಣೆಗೆ ನುಗ್ಗಿದಳು.

"ನಾನು ತಂದ ಕೊಚ್ಚೆಗೆ ಏನು ಬೆರೆಸಿದ್ರಿ ಸರ್?"

ಅವರು ಸಿಟ್ಟಾಗಲಿಲ್ಲ. ಎದ್ದು ಬಾಗಿಲು ಮುಚ್ಚಿದರು.

"ಇದನ್ನೇ ನಾನು ನಿಮ್ಮನ್ನ ಕೇಳಬೇಕು ಅಂತಿದ್ದೆ. ತಂದವರು ನೀವು."

"ಅದು ನಮ್ಮ ಬಡಾವಣೆಯ ತೊಟ್ಟಿಯದು. ಮನೆಗಳದ್ದು ಬಿಟ್ಟರೆ ಬೇರೆ ಯಾವ ಕೊಳವೆಯೂ ಅಲ್ಲಿಗೆ ಬರಲ್ಲ."

"ಗೊತ್ತು. ನಿಮ್ಮ ಮೇಲೆ ಅನುಮಾನ ಬಂದು ಒಂದೆರಡು ಸೀಸೆ ಕದ್ದೊಯ್ದು ನೋಡಿದೆ. ಆಮೇಲೆ ನಾನೇ ಅಲ್ಲಿಗೆ ಹೋಗಿ ಕೊಚ್ಚೆ ತಂದೆ. ಅದೂ ಹಾಗೇ ತಿಂತು." ಅವರ ದನಿ ತಗ್ಗಿತು. "ಮೊದಲೇ ತಿಂದು ರೂಢಿಯಾಗಿದ್ದರೆ ಮಾತ್ರ ಅವು ಇಷ್ಟು ಬೇಗ ತಿನ್ನೋದು. ಅದೂ ಇವತ್ತು ನಿನ್ನೆಯ ರೂಢಿ ಅಲ್ಲ."

"ಗೇಟೇ ದಾಟದ ಮಾಲನ್ನ ನಮ್ಮ ತೊಟ್ಟಿಗೆ ಯಾರು ತಂದು ಸುರೀತಾರೆ?"

"ಗೇಟು ದಾಟಿಲ್ಲ, ನಿಜ. ನೆಲಕ್ಕಿಳಿದಿದೆ. ಪ್ರಯೋಗ ಅಂತ ಮಾಡಿ ಕೆಟ್ಟದ್ದನ್ನೆಲ್ಲ ವರ್ಷಗಟ್ಟಲೆ ಕಾರ್ಖಾನೆಯೊಳಗಿನ ಹಾಳುಬಾವಿಗೆ ಸುರಿದಿದ್ದಾರೆ. ಅಲ್ಲಿನ ಕಾವಲುಗಾರ ಬಾಯಿಬಿಟ್ಟ. ಕಾರ್ಖಾನೆಯ ಗೋಡೆಯ ಈಚೆಗೇ ನಿಮ್ಮ ಬಡಾವಣೆಯ ಕೊಳವೆಬಾವಿ." ಅವರು ಫೋನನ್ನು ಅವಳ ಕಡೆ ಸರಿಸಿದರು. "ಬೆಳಗ್ಗೆ ನಿಮ್ಮ ಬೀದಿಯ ನಲ್ಲಿ ನೀರು ಹಿಡಿದು ತಂದು ನೋಡಿದೆ. ಅದರಲ್ಲೂ ಇದೆ. ಮೊದಲು ಮನೆಗೆ ಫೋನ್ ಮಾಡಿ."

ಇಷ್ಟು ವರ್ಷ ಆ ಹುಳುಗಳಿಗೆ ದಿನವೂ ತಪ್ಪದೆ ಉಣಬಡಿಸಿದ್ದು ಅವಳು, ಅವಳ ಅತ್ತೆ, ಬಸುರಿ ನಾದಿನಿ. ಕುಡಿದು, ಮಿಂದು, ಉಚ್ಚೆ ಹೊಯ್ದು.