ದೋಣಿಯ ಎರಡನೇ ಸೀಟು

ಸೇತುವೆಯ ಕೆಳಗೆ ದೋಣಿ ಕಾಣಿಸುತ್ತಲೇ ಊರಿಗೆ ಊರೇ ಹೋ ಎಂದು ಕೂಗಿತು. ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಉಸಿರಾಟದ ಯಂತ್ರ ಬೇಕೆಂದು ಹಣ ಕೂಡಿಸುತ್ತ, ಒಂಬತ್ತು ದಿನದಿಂದ ಹುಟ್ಟು ಹಾಕಿಕೊಂಡು ಬಂದಿದ್ದ ನರ್ಸುಗಳಿಬ್ಬರು ಅದರಲ್ಲಿದ್ದರು. ಆದರೆ ನದಿಯ ಮೆಟ್ಟಿಲ ಬಳಿ ಇಳಿದ ಹಿರಿಯ ನರ್ಸಿನ ಮಣಿಕಟ್ಟು ಬದನೆಕಾಯಿಯಂತೆ ಊದಿಕೊಂಡಿತ್ತು.

"ಇಲ್ಲಿಗೇ ಮುಗೀತು," ಎಂದಳು ಕಿರಿಯ ನರ್ಸು, ಹುಟ್ಟು ಕೆಳಗಿಟ್ಟು. "ಇನ್ನು ಹನ್ನೆರಡೇ ಮೈಲಿ ಇತ್ತು. ಸಮುದ್ರ ಮುಟ್ಟಿದ್ರೆ ಮಾತ್ರ ದೊಡ್ಡ ದಾನಿ ದುಡ್ಡು ಕೊಡೋದು. ಒಬ್ಬಳ ಕೈಲಿ ಇದು ಸಾಗಲ್ಲ."

ಮೆಟ್ಟಿಲ ತುದಿಯಲ್ಲಿ ಲಾಡ್ಜಿನ ಬೆಡ್‌ಶೀಟು ಹಿಂಡುತ್ತಿದ್ದ ಲಾಂಡ್ರಿಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ನಾನು ಬರ್ತೀನಿ."

ಅವಳ ಗಂಡ, ಕ್ಷೌರದ ಅಂಗಡಿಯವನು, ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದ. "ಅಯ್ಯೋ, ಇವಳಿಗೆ ಈಜು ಬರಲ್ಲ ಕಣ್ರಮ್ಮಾ!"

"ಈಜ್ತೀನಿ ಅಂದೆನಾ? ಕೂತ್ಕೋತೀನಿ ಅಂದೆ."

ಕಿರಿಯ ನರ್ಸು ಅವಳ ತೋಳು ಮುಟ್ಟಿ ನೋಡಿದಳು. ಒನಕೆ! ಹಿರಿಯವಳ ಲೈಫ್ ಜಾಕೆಟ್ ಆ ಮೈಗೆ ಸಾಲಲಿಲ್ಲ. ಗಂಡ ಗೊಣಗುತ್ತ ತನ್ನ ಬೆಲ್ಟು ಬಿಚ್ಚಿ ಅದರಿಂದ ಜಾಕೆಟ್ಟನ್ನು ಬಿಗಿದು ಕಟ್ಟಿದ.

ದೋಣಿ ಮೊದಲು ನಿಂತಲ್ಲೇ ಮೂರು ಸುತ್ತು ಸುತ್ತಿತು. "ಹಿಂಡಬೇಡಿ ಅಮ್ಮಾ, ಎಳೀರಿ!" ಎಂದು ನರ್ಸು ಕಿರುಚಿದಳು. ಜನ ಬಿದ್ದು ಬಿದ್ದು ನಕ್ಕರು. ನಾಲ್ಕನೇ ಸುತ್ತಿಗೆ ಲಾಂಡ್ರಿಯಮ್ಮನಿಗೆ ಲಯ ಸಿಕ್ಕಿತು. 'ಹುಸ್ಸ್' ಎಂದು ಉಸಿರು ಬಿಟ್ಟು ಎಳೆದಳು ನೋಡಿ, ದೋಣಿ ಬಾಣದ ಹಾಗೆ ಹೊರಟಿತು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಗಂಡ ದಡದುದ್ದಕ್ಕೂ ಓಡಿದ, ಅವನ ಹಿಂದೆ ಮುಖದ ತುಂಬ ನೊರೆ ಹೊತ್ತ ಗಿರಾಕಿಯೂ ಓಡಿದ.

"ಹುಷಾರು ಕಣೇ! ಬಗ್ಗಬೇಡ!"

"ಬೆಡ್‌ಶೀಟು ಒಣಗಿದ ಮೇಲೆ ತೆಗೀರಿ!"

ನದಿಯ ತಿರುವು ದಾಟಿದಾಗ ಲಾಂಡ್ರಿಯಮ್ಮ ಒಮ್ಮೆ ಹಿಂದಿರುಗಿ ನೋಡಿದಳು. ಇಪ್ಪತ್ತಾರು ವರ್ಷ ಈ ನೀರಿನಲ್ಲಿ ಮೊಣಕಾಲುದ್ದ ನಿಂತವಳು ಆ ತಿರುವಿನಾಚೆಗೆ ಒಮ್ಮೆಯೂ ಹೋಗಿರಲಿಲ್ಲ. ಭಯವೋ ಖುಷಿಯೋ ತಿಳಿಯದೆ ಗಟ್ಟಿಯಾಗಿ ನಕ್ಕಳು. ನರ್ಸಿಗೂ ನಗು ಅಂಟಿತು. ನಗುತ್ತಲೇ ಹನ್ನೆರಡು ಮೈಲಿ ಎಳೆದರು.

ಸಂಜೆ ಗಂಡನಿಗೆ ನರ್ಸಿನ ಫೋನಿನಿಂದ ಕರೆ ಬಂತು.

"ಮುಟ್ಟಿದ್ವಿ ಕಣ್ರೀ! ಯಂತ್ರ ಬಂದ ಹಾಗೇ!"

"ಭೇಷ್! ಎಷ್ಟೊತ್ತಿನ ಬಸ್ಸಿಗೆ ಬರ್ತೀಯಾ? ಅದೇನೇ ಅದು, ದಬದಬ ಅಂತ ಸದ್ದು?"

ಅವಳು ಮರಳಿನ ಮೇಲೆ ಕಾಲು ಚಾಚಿದಳು.

"ಸಮುದ್ರ ಕಣ್ರೀ. ಬಿಡುವೇ ಇಲ್ಲದೆ ಒಗೀತಾನೇ ಇದೆ. ಒಗೀಲಿ ಬಿಡಿ, ಇವತ್ತು ನಾನು ಕೂತು ನೋಡ್ತೀನಿ."