ಅರ್ಧ ಗಡ್ಡ

"ಅಲುಗಾಡಬೇಡ ತಮ್ಮಾ, ಕಿವಿ ನನ್ನ ಕೈಗೆ ಬಂದೀತು," ಎಂದ ಗಸ್ಸಾನ್, ಹೆನಿಂಗನ ಎಡಗೆನ್ನೆಯ ಮೇಲೆ ಕತ್ತಿ ಎಳೆಯುತ್ತ.

ಸಿರಿಯಾದ ಅಲೆಪ್ಪೊದಲ್ಲಿ ಗಸ್ಸಾನನದು ಮೂರು ಕುರ್ಚಿಗಳ ಕ್ಷೌರದಂಗಡಿ. ಇಲ್ಲಿ, ಗ್ರೀಸಿನ ಗಡಿಬೇಲಿಯ ಪಕ್ಕದ ನಿರಾಶ್ರಿತರ ಶಿಬಿರದಲ್ಲಿ, ರೈಲು ಬಾರದ ಹಳಿಗಳ ನಡುವೆ ಒಂದೇ ಕುರ್ಚಿ. ಅದರ ನಾಲ್ಕನೆಯ ಕಾಲು ಇಟ್ಟಿಗೆಯದು. ಅವನೂ ಹೆಂಡತಿ ರಬಾಬಳೂ ಒಂದೇ ಸಾಲಿನಲ್ಲಿ ನಿಂತಿದ್ದರು. ಅವಳು ದಾಟಿದಳು, ಗೇಟು ಮುಚ್ಚಿತು. ಈಗ ಅವಳು ವಿಯೆನ್ನಾದಲ್ಲಿ.

ಹೆನಿಂಗ್ ಜರ್ಮನಿಯಿಂದ ಬಂದ ಹೋರಾಟಗಾರ. ಡಮಾಸ್ಕಸ್‌ನಲ್ಲಿ ಓದುವಾಗ ಕಲಿತ ಅರಬ್ಬಿ ಅವನ ಬಾಯಲ್ಲಿ ಮುಗ್ಗರಿಸುತ್ತಿತ್ತು, ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಡೇರೆ ಡೇರೆಗೂ ಚೀಟಿ ಹಂಚಿದವನು ಅವನೇ: 'ಎರಡು ಗಂಟೆಗೆ ಎಲ್ಲರೂ ಒಟ್ಟಿಗೆ ನಡೆಯೋಣ. ಗಡಿ ತೆರೆದೇ ತೀರುತ್ತದೆ.' ಜನ ಆಗಲೇ ಗಂಟು ಕಟ್ಟುತ್ತಿದ್ದರು. "ಇನ್ನೇನು ಬಂದೆ ಕಣೇ, ಅಡಿಗೆ ಮಾಡಿಡು," ಎಂದು ಗಸ್ಸಾನ್ ರಬಾಬಳಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು.

"ಗೇಟು ತೆಗೀತಾರೆ ಅಂತ ಯಾರು ಹೇಳಿದ್ರು ನಿಂಗೆ?" ಗಸ್ಸಾನ್ ಸುಮ್ಮನೆ ಮಾತಿಗೆ ಕೇಳಿದ.

"ಯಾರೂ ಹೇಳಿಲ್ಲ ಉಸ್ತಾದ್. ತೆಗೆಯಲ್ಲ. ಹಿಡಿದು ವಾಪಸ್ ತಳ್ತಾರೆ, ಏಟೂ ಬೀಳಬಹುದು. ಆದ್ರೆ ಟೀವಿಯವರು ಬರ್ತಾರೆ. ಯುರೋಪು ನೋಡಿ ನಾಚ್ಕೋಬೇಕು!"

ಕತ್ತಿ ಗಲ್ಲದ ಮೇಲೆಯೇ ನಿಂತಿತು.

"ನಿನ್ನ ಹಿಡಿದ್ರೆ?"

"ಒಂದು ದಿನ ಲಾಕಪ್ಪು. ಆಮೇಲೆ ಮನೆಗೆ ಕಳಿಸ್ತಾರೆ."

"ಅಯ್ಯೋ ಪಾಪ! ನನ್ನನ್ನ ಮನೆಗೆ ಕಳಿಸೋ ಪೊಲೀಸಿನವನು ಸಿಕ್ಕಿದ್ರೆ ಜೀವಮಾನ ಪೂರ್ತಿ ಬಿಟ್ಟಿ ಕ್ಷೌರ ಮಾಡ್ತೀನಿ. ಅಲ್ಲಯ್ಯಾ, ಇದನ್ನ ಚೀಟೀಲಿ ಯಾಕೆ ಬರೀಲಿಲ್ಲ?"

"ಬರೆದಿದ್ರೆ ಯಾರು ಬರ್ತಿದ್ರು?"

ಗಸ್ಸಾನ್ ಅವನ ಕೊರಳಿನ ಟವೆಲ್ ಎಳೆದುಕೊಂಡ. "ಏಳು. ನಂಗೆ ಹೇಳಿದ್ದನ್ನೇ ಎಲ್ರಿಗೂ ಹೇಳಿ ಬಾ. ಆಮೇಲೆ ಬಲಗೆನ್ನೆ."

ಹೆನಿಂಗ್ ಗೊಣಗಿದ, ಕೆಂಪಾದ, ಕೊನೆಗೆ ನೀರಿನ ಟ್ಯಾಂಕಿನ ಕಟ್ಟೆ ಹತ್ತಿದ. ಅರ್ಧ ಗಡ್ಡ ಕಂಡು ಮಕ್ಕಳು ಹೋ ಎಂದರು. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ನಗು ಇಳಿದ ಮೇಲೆ ಮಾತು ಕೇಳಿಸಿತು. ಒಬ್ಬ ಮುದುಕ ಚೀಟಿಯನ್ನು ಉಂಡೆ ಕಟ್ಟಿ ಅವನತ್ತ ಎಸೆದ. ಅರ್ಧಕ್ಕರ್ಧ ಗಂಟುಗಳು ಬಿಚ್ಚಿದವು. ಗಸ್ಸಾನ್ ಡೇರೆಯ ಹಿಂದೆ ಹೋಗಿ, "ಇವತ್ತು ಅಡಿಗೆ ಬೇಡ ಕಣೇ," ಎಂದು ರಬಾಬಳಿಗೆ ಹೇಳಿ, ಅವಳು ಏನಾದರೂ ಕೇಳುವ ಮೊದಲೇ ಫೋನ್ ಇಟ್ಟುಬಿಟ್ಟ.

ಹೆನಿಂಗ್ ಬಂದು ಮತ್ತೆ ಕುರ್ಚಿಯಲ್ಲಿ ಕೂತ. ಗಸ್ಸಾನ್ ಬಲಗೆನ್ನೆ ಮುಗಿಸಿದ; ಕತ್ತಿ ಒರೆಸಿ ಚೀಲಕ್ಕೆ ಹಾಕಿದ; ಚೀಲವನ್ನು ಹೆಗಲಿಗೇರಿಸಿದ.

"ಎಲ್ಲಿಗೆ ಉಸ್ತಾದ್?"

"ಎರಡು ಗಂಟೆ ಆಯ್ತಲ್ಲ. ನಡಿ."

"ಗೇಟು ತೆಗೆಯಲ್ಲ ಅಂತ ಗೊತ್ತಾದ ಮೇಲೂ?"

"ಬೆಳಿಗ್ಗೆ ಆಗಿದ್ರೆ ನೀನು ನನ್ನ ಕರ್ಕೊಂಡು ಹೋಗ್ತಿದ್ದೆ ತಮ್ಮಾ," ಎಂದ ಗಸ್ಸಾನ್, ಬೇಲಿಯತ್ತ ಹೆಜ್ಜೆ ಹಾಕುತ್ತ. "ಈಗ ನಾನೇ ಹೋಗ್ತಿದ್ದೀನಿ."