ಸಪ್ಪೆ ಗಂಜಿ

"ಹೊಟ್ಟೆ ಹುಣ್ಣಿಂದ ಮತ್ತೆ ರಕ್ತ ಬರ್ತಿದೆ," ಡಾಕ್ಟರು ರೇಗಿದರು. "ನೋವಿನ ಮಾತ್ರೆ ಮುಟ್ಟಬೇಡಿ ಅಂದಿರಲಿಲ್ವಾ?"

"ಮುಟ್ಟಿಲ್ಲ. ಮಂಡಿ ನೋವಿಗೆ ನರಳಿ ನರಳಿ ಸಾಕಾದ್ರೂ ಮುಟ್ಟಿಲ್ಲ," ಎಂದೆ.

"ಹಾಗಿದ್ರೆ ಖಾರ ತಿಂದಿದೀರಿ."

"ಕದ್ದು ತಿಂತಾಳೆ ಸಾರ್!" ನನ್ನ ಗಂಡ ಗುಡುಗಿದ. "ಉಪ್ಪಿನಕಾಯಿ ಭರಣಿನೇ ಎತ್ತಿ ಬಿಸಾಕಿದೀನಿ. ನಾಲಿಗೆ ಚಪಲ ಬಿಡಬೇಕಲ್ಲ!"

ನನಗೆ ಮೈಯೆಲ್ಲ ಉರಿಯಿತು. "ಮೂರು ತಿಂಗಳಿಂದ ಸಪ್ಪೆ ಗಂಜಿ ಬಿಟ್ಟು ಬೇರೇನೂ ತಿಂದಿಲ್ಲ. ಅದನ್ನೂ ಇವರೇ ಲೋಟಕ್ಕೆ ಬಗ್ಗಿಸಿ ಕೊಡ್ತಾರೆ. ಈಗೀಗ ಅದು ಕುಡಿದ್ರೆ ಮಂಡಿ ನೋವೂ ಇರಲ್ಲ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಗಂಡನ ಕಡೆ ತಿರುಗಿದರು. "ಗಂಜಿಗೆ ಏನ್ ಹಾಕ್ತೀರಿ?"

"ನೋವಿನ ಮಾತ್ರೆ ಪುಡಿ ಮಾಡಿ ಹಾಕ್ತೀನಿ." ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇವಳು ರಾತ್ರಿಯೆಲ್ಲ ನರಳ್ತಿದ್ರೆ ನನಗೆ ನಿದ್ದೆ ಬೇಡ್ವಾ?"